ಕೆಂಪಣ್ಣನಿಗೆ ಬೈರಾಸು

ನಮ್ಮ ಮನೆಯಲ್ಲಿ ಬಂಗುಡೆ ಸಾರು ಮಾಡಿದ ದಿನ ಮೀನಿನ ಟ್ಯಾಂಕಿಗೆ ಬೈರಾಸು ಹೊದಿಸುವ ಕ್ರಮವೊಂದುಂಟು. ಹೊಸ ಬೈರಾಸೇ ಆಗಬೇಕೆಂದಿಲ್ಲ, ತಲೆ ಒರೆಸಿ ಒರೆಸಿ ಮೆತ್ತಗಾದದ್ದಾದರೂ ಸಾಕು. ಆದರೆ ಊಟದ ಮೇಜಿನ ಕಡೆಯ ಗಾಜು ಪೂರ್ತಿ ಮುಚ್ಚಬೇಕು. ನಾವು ತಟ್ಟೆಯ ಮುಂದೆ ಕುಳಿತು ಮುಳ್ಳು ಬಿಡಿಸುವಾಗ ಗಾಜಿನಾಚೆಯಿಂದ ಕೆಂಪಣ್ಣ ಕಣ್ಣು ಮಿಟುಕಿಸದೆ ನೋಡುತ್ತಿದ್ದರೆ ತುತ್ತು ಇಳಿಯುವುದು ಹೇಗೆ ಹೇಳಿ. ಮೀನಿಗೆ ರೆಪ್ಪೆ ಇಲ್ಲ, ಅದು ಯಾವಾಗಲೂ ಹಾಗೆಯೇ ನೋಡುವುದು ಎಂದು ನನಗೂ ಗೊತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಆದರೆ ಗೊತ್ತಿರುವುದಕ್ಕೂ ಊಟ ಸೇರುವುದಕ್ಕೂ ಸಂಬಂಧವಿಲ್ಲ.

ಈ ಕ್ರಮವನ್ನು ಶುರು ಮಾಡಿದ್ದು ನಾನೇ. ಮೊದಲ ಸಲ ನೋಡಿದಾಗ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟಿದ್ದರು.

“ಎಂತ ಮಂಗಾಟ ಮಾರಾಯ್ತಿ ನಿನ್ನದು? ಹಾಗಾದ್ರೆ ಕೋಳಿ ಪದಾರ್ಥ ಮಾಡುವ ದಿನ ಗೂಡಿನ ಕೋಳಿಗಳ ಕಣ್ಣು ಕಟ್ಟುದಾ?”

ನಾನು ಬೈರಾಸು ತೆಗೆಯಲಿಲ್ಲ. ಅತ್ತೆ ಅವತ್ತು ಟ್ಯಾಂಕಿನ ಎದುರೇ ಕುರ್ಚಿ ಎಳೆದುಕೊಂಡು, ಬೇಕೆಂದೇ ಸೊರ್ ಎಂದು ಸದ್ದು ಮಾಡಿ ಸಾರು ಸುರಿದು ಉಂಡರು.

ಇವತ್ತು ಬಟ್ಟೆ ಒಗೆಯುವಾಗ ಬಕೆಟಿನಿಂದ ಅತ್ತೆಯ ಕೆಂಪು ಅಂಚಿನ ಬೈರಾಸು ಕೈಗೆ ಬಂತು. ಮೂಲೆಯಲ್ಲಿ ಪಾಚಿಯ ಹಸಿರು ಕಲೆ. ಅದನ್ನು ತಿಕ್ಕುತ್ತಾ ಕುಳಿತವಳಿಗೆ ಇಷ್ಟೆಲ್ಲ ನೆನಪಾಗಿ, ಅರ್ಧಕ್ಕೆ ಬಿಟ್ಟೆದ್ದು ಬಂದು ಬರೆಯುತ್ತಿದ್ದೇನೆ. ಉಳಿದ ಬಟ್ಟೆ ಇನ್ನೂ ಸೋಪಿನ ನೀರಿನಲ್ಲಿದೆ. ಇರಲಿ, ಅದೇನು ಓಡಿಹೋಗುವುದಿಲ್ಲ.

ಬೈರಾಸಿಗೂ ಮೀನಿಗೂ ನನ್ನ ಮಟ್ಟಿಗೆ ಹಳೆಯ ನಂಟು. ನನ್ನ ತವರು ಕಡಬದ ಕಡೆ. ಮನೆಯ ಹಿಂದೆಯೇ ಹರಿಯುವ ತೋಡು. ನಾನೂ ಅಣ್ಣನೂ ಅಪ್ಪನ ಬೈರಾಸಿನ ಎರಡು ತುದಿ ಹಿಡಿದು, ನೀರಿನೊಳಗೆ ಮೆಲ್ಲ ಅದ್ದಿ, ಸಣ್ಣ ಮೀನುಗಳು ಮೇಲೆ ಬಂದ ಕೂಡಲೇ ಎತ್ತುತ್ತಿದ್ದೆವು. ಹತ್ತು ಸಲ ಎತ್ತಿದರೆ ಒಂಬತ್ತು ಸಲ ತರಗೆಲೆ. ಹತ್ತನೆಯ ಸಲ ಬಟ್ಟೆಯ ನಡುವೆ ಏನೋ ಬೆಳ್ಳಗೆ ಚಿಮ್ಮಿದರೆ ಎದೆಯೂ ಅದರ ಜೊತೆ ಚಿಮ್ಮುತ್ತಿತ್ತು. ಸಂಜೆ ಅಪ್ಪ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗ, “ಇದೆಂತ, ಬೈರಾಸು ತೋಡಿನ ವಾಸನೆ ಬರ್ತದೆ?” ಎಂದು ಕೇಳುತ್ತಿದ್ದರು. ಅಣ್ಣ ನನ್ನನ್ನು ನೋಡುತ್ತಿದ್ದ, ನಾನು ಮಾಡಿನ ಹಂಚನ್ನು ನೋಡುತ್ತಿದ್ದೆ.

ಹಿಡಿದ ಮೀನುಗಳನ್ನು ಬಾವಿಗೆ ಬಿಡುತ್ತಿದ್ದೆವು. ಸೊಳ್ಳೆಮರಿ ತಿಂದು ನೀರು ಚೊಕ್ಕ ಇಡುತ್ತವೆಂದು ಅಮ್ಮನೇ ಬಿಡಿಸುತ್ತಿದ್ದಳು. ಬೇಸಗೆಯಲ್ಲಿ ಬಾವಿಯ ಕೆಸರು ತೆಗೆಯುವ ದಿನವಂತೂ ನನಗೆ ಹಬ್ಬ. ಅವತ್ತು ಬಾವಿಯ ಮೀನುಗಳಿಗೆಲ್ಲ ಅಂಗಳದ ಹಂಡೆಯಲ್ಲಿ ಬಿಡಾರ. ಬೆಕ್ಕು ಬಾರದ ಹಾಗೆ ಕೋಲು ಹಿಡಿದು ಕಾಯುವ ಅಧಿಕಾರ ನನ್ನದು. ಹೊಸ ಒರತೆ ಬಂದ ಮೇಲೂ ಅಮ್ಮ ಮೀನುಗಳನ್ನು ಫಕ್ಕನೆ ಬಿಡುತ್ತಿರಲಿಲ್ಲ. ಹಂಡೆಗೆ ಹೊಸ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, “ಅದಕ್ಕೂ ಅಭ್ಯಾಸ ಆಗ್ಬೇಕಲ್ಲ” ಎನ್ನುತ್ತಿದ್ದಳು.

ಇಷ್ಟೆಲ್ಲ ಅನುಭವವಿದ್ದವಳಿಗೆ ಗಾಜಿನ ಪೆಟ್ಟಿಗೆಯೊಂದು ಯಾವ ಲೆಕ್ಕ ಎಂದು ನಾನು ತಿಳಿದದ್ದು ಸಹಜ. ನಮ್ಮ ಮನೆಯವರಿಗೆ ರಬ್ಬರ್ ಶೀಟಿನ ವ್ಯಾಪಾರ, ಜೀಪಿನಲ್ಲಿ ಊರೂರು ತಿರುಗಾಟ. ಅರಂತೋಡಿನಲ್ಲಿ ಅವರ ಗೆಳೆಯರೊಬ್ಬರು ಬೇಕರಿ ಹೊಸತು ಮಾಡುವಾಗ ಹಳೆಯ ಟ್ಯಾಂಕು ಬೇಡವೆಂದರಂತೆ. ರಬ್ಬರ್ ಶೀಟುಗಳ ನಡುವೆ ಅದನ್ನು ಮಲಗಿಸಿಕೊಂಡು ಸುಳ್ಯದ ಮನೆಗೆ ತಂದೇಬಿಟ್ಟರು. ಮರುದಿನ ಪೇಟೆಯಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ಗೋಲ್ಡ್‌ಫಿಷ್ ಬಂತು. ದೊಡ್ಡ ಹೊಟ್ಟೆ, ಗಂಭೀರ ಮುಖ, ಪಂಚಾಯತಿಗೆ ಬಂದವರ ಹಾಗೆ ಮೆಲ್ಲ ನಡೆಯುವ ಠೀವಿ. ಕೆಂಪಣ್ಣ ಎಂದು ಹೆಸರಿಟ್ಟದ್ದು ಅತ್ತೆ. ಟ್ಯಾಂಕು ತರುವ ಉತ್ಸಾಹ ಮನೆಯವರದು, ಹೆಸರಿಡುವ ಗೌರವ ಅತ್ತೆಯದು, ತೊಳೆಯುವ ಭಾಗ್ಯ ನನ್ನದು. ಎಲ್ಲ ಮನೆಗಳಲ್ಲೂ ಹೀಗೇ ಪಾಲಾಗುವುದೆಂದು ಕೇಳಿದ್ದೇನೆ.

ಆದರೆ ನಿಜ ಹೇಳುತ್ತೇನೆ, ಆ ಕೆಲಸ ನನಗೆ ಹುಚ್ಚು ಹಿಡಿಸಿಬಿಟ್ಟಿತು. ಭಾನುವಾರ ಬೆಳಗಾದರೆ ಸಾಕು, ದೋಸೆ ತಿಂದು ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲ. ಸೀರೆ ಎತ್ತಿ ಕಟ್ಟಿ, ಬಕೆಟು, ಬ್ರಶ್ಶು, ಸಪೂರ ಪೈಪು ಜೋಡಿಸಿ ಇಟ್ಟುಕೊಂಡರೆ ನನಗೆ ಆಪರೇಷನ್ ಮಾಡುವ ಡಾಕ್ಟರಿನ ಗತ್ತು. ಪೈಪಿನ ಒಂದು ತುದಿ ಟ್ಯಾಂಕಿನೊಳಗೆ, ಇನ್ನೊಂದು ತುದಿ ಬಾಯಲ್ಲಿ. ಒಮ್ಮೆ ಎಳೆದು ಬಕೆಟಿಗೆ ಬಿಟ್ಟರೆ ಕೊಳೆ ನೀರು ತಾನಾಗಿ ಹರಿಯುತ್ತದೆ. ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟೋ ವರ್ಷ ಕಲಿಸಿದ ಪಾಠವಿದು. ಬಾಯಿಂದ ಪೈಪು ಯಾವ ಹೊತ್ತಿಗೆ ತೆಗೆಯಬೇಕೆಂಬುದು ಮಾತ್ರ ಪಾಠದಲ್ಲಿರಲಿಲ್ಲ. ಮೊದಲ ಸಲ ಬಾಯಿ ತುಂಬ ಬಂತು. ಉಗುಳಲು ಓಡುತ್ತಿದ್ದವಳನ್ನು ಅತ್ತೆ ದಾರಿಯಲ್ಲೇ ತಡೆದರು.

“ಸಾರಿಗೆ ಉಪ್ಪು ಹುಳಿ ಸರಿ ಉಂಟಾ ಜಯಾ?”

ಪಾಚಿ ಉಜ್ಜಿ ಹೋದ ಗಾಜಿನ ಹಿಂದೆ ಕೆಂಪಣ್ಣ ಝಗ್ಗನೆ ಹೊಳೆಯುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ಬಾಯಿ ತುಂಬ ಏನು ಬಂದರೂ ಅಡ್ಡಿಯಿಲ್ಲ. ಕಲ್ಲುಗಳು ತೋಡಿನ ಕಲ್ಲುಗಳ ಹಾಗೆ ಬಣ್ಣಬಣ್ಣವಾಗಿ ಕಾಣುತ್ತವೆ, ಗಾಳಿಗುಳ್ಳೆಗಳು ಸಾಲಾಗಿ ಏಳುತ್ತವೆ. ನಾನು ಒದ್ದೆ ಸೀರೆಯಲ್ಲೇ ಮನೆಯವರನ್ನು ಕರೆದು, ಅತ್ತೆಯನ್ನು ಕರೆದು, ಪೋಸ್ಟಿನವರು ಬಂದರೆ ಅವರನ್ನೂ ಕರೆದು ತೋರಿಸುತ್ತಿದ್ದೆ.

ತೊಂದರೆ ಶುರುವಾದದ್ದು ಕೆಲವು ತಿಂಗಳು ಕಳೆದ ಮೇಲೆ. ಭಾನುವಾರ ತೊಳೆದ ಟ್ಯಾಂಕು ಬುಧವಾರಕ್ಕೆಲ್ಲ ಗಂಜಿ ತಿಳಿಯ ಹಾಗೆ ಬೆಳ್ಳಗಾಗತೊಡಗಿತು. ಹುಳಿ ಹುಳಿ ವಾಸನೆ ಬೇರೆ. ಕೆಂಪಣ್ಣ ಮೇಲೆ ಬಂದು ಬಾಯಿ ತೆರೆದು ತೆರೆದು ಉಸಿರಾಡುತ್ತಿದ್ದ. ನಾನು ವಾರಕ್ಕೆ ಎರಡು ಸಲ ತೊಳೆದೆ, ಆಮೇಲೆ ಮೂರು ಸಲ. ಫಿಲ್ಟರನ್ನು ಬೈದೆ, ನಳ್ಳಿ ನೀರನ್ನು ಬೈದೆ, ಟ್ಯಾಂಕು ತಂದವರನ್ನೂ ಬೈದೆ. ಮನೆಯವರು ಬೈಸಿಕೊಂಡು ಸುಮ್ಮನಿರುವ ಜನವಲ್ಲ. ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಹುಟ್ಟಿದವರಿಗೆ ಜಗತ್ತಿನ ಎಲ್ಲ ರೋಗಕ್ಕೂ ಒಂದೇ ಔಷಧ.

“ಒಂದು ಚಿಟಿಕೆ ಮೈಲುತುತ್ತು ಹಾಕಿ ನೋಡುವನಾ?” ಎಂದರು. “ಕೊಳೆರೋಗವೇ ನಿಲ್ತದೆ, ಇದು ಯಾವ ಲೆಕ್ಕ?”

“ನೀರು ತಿಳಿಯಾಗ್ತದೆ, ಕೆಂಪಣ್ಣನೂ ತಿಳಿಯಾಗ್ತಾನೆ” ಎಂದೆ. ಅವರು ಪೇಪರು ಬಿಡಿಸಿಕೊಂಡರು.

ಇದಕ್ಕೂ ಸ್ವಲ್ಪ ಮೊದಲೇ ನನ್ನ ಕೈಗಳಿಗೆ ಸಣ್ಣ ತುರಿಕೆ ಹತ್ತಿತ್ತು, ಈಗ ಅದು ಜೋರಾಯಿತು. ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆ, ಚರ್ಮ ಸುಲಿದು ಉರಿ. ಪಾಠ ಮಾಡುವಾಗಲೂ ಒಂದು ಕೈ ಇನ್ನೊಂದನ್ನು ಕೆರೆಯುತ್ತಲೇ ಇರುತ್ತಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, ನೀರಿನಲ್ಲಿ ಕೈ ಆಡಿಸುವುದನ್ನು ಕಮ್ಮಿ ಮಾಡಿ ಎಂದರು. ಟ್ಯಾಂಕು ನಾರುತ್ತಿರುವಾಗ ಕಮ್ಮಿ ಮಾಡುವುದು ಹೇಗೆ? ರಬ್ಬರಿನ ಗ್ಲೌಸು ಹಾಕಿದರೆ ಕಲ್ಲುಗಳು ಕೈಗೆ ಸಿಕ್ಕುವುದಿಲ್ಲ, ತೊಳೆದ ಖುಷಿಯೂ ಸಿಕ್ಕುವುದಿಲ್ಲ. ಅತ್ತೆ ಮಾತ್ರ ದಿನಾ ಬೆಳಗ್ಗೆ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. “ಕಮ್ಮಿ ಉಂಟಾ?” ಎಂದು ಕೇಳುವುದು, ನಾನು ಇಲ್ಲವೆನ್ನುವುದು, ಅವರು “ಹ್ಞೂಂ” ಎಂದು ಒಳಗೆ ಹೋಗುವುದು.

ಒಂದು ಸೋಮವಾರ ಶಾಲೆಗೆ ರಜೆಯಿತ್ತು. ತಡವಾಗಿ ಎದ್ದು ಕೋಣೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಅತ್ತೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಆ ಕೆಂಪು ಅಂಚಿನ ಬೈರಾಸು ಸುತ್ತಿಕೊಂಡು, ಟ್ಯಾಂಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ಮುಷ್ಟಿಯಲ್ಲಿ ಬೆಳ್ತಿಗೆ ಅಕ್ಕಿ. ತುಟಿ ಏನೋ ಹೇಳುತ್ತಿತ್ತು. ಹೇಳಿ ಮುಗಿದ ಮೇಲೆ ಮುಚ್ಚಳ ಸರಿಸಿ ಅಕ್ಕಿಯನ್ನೆಲ್ಲ ನೀರಿಗೆ ಹಾಕಿ, ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೆಂಪಣ್ಣ ಗಬಗಬ ನುಂಗಿದ. ಅವನಿಂದಾಗದೆ ಉಳಿದದ್ದು ಕಲ್ಲಿನ ಸಂದಿಗೆ ಇಳಿಯಿತು.

ಗಂಜಿ ತಿಳಿಯ ಹಾಗೆ ಕಂಡದ್ದು ಗಂಜಿ ತಿಳಿಯೇ ಆಗಿತ್ತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಳೆಬದಿಯ ಕೆಲವು ದೇವಸ್ಥಾನಗಳ ಗುಂಡಿಯಲ್ಲಿ ದೇವರ ಮೀನುಗಳಿರುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಚರ್ಮದ ತೊಂದರೆ ಇದ್ದವರು ಹರಕೆ ಹೇಳಿಕೊಂಡು ಅವುಗಳಿಗೆ ಅಕ್ಕಿ ಹಾಕುತ್ತಾರೆ. ಅತ್ತೆ ವರ್ಷ ವರ್ಷವೂ ಹೋಗುತ್ತಿದ್ದವರು. ಮಂಡಿ ನೋವು ಜೋರಾದ ಮೇಲೆ ಅಲ್ಲಿಯ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

“ಅತ್ತೆ, ಇದೆಂತದು?” ಎಂದೆ.

ಅವರು ಬೆಚ್ಚಲಿಲ್ಲ. “ಎಂತದು ಅಂದ್ರೆ? ನಿನ್ನ ಕೈ ಗುಣ ಆಗ್ಲಿ ಅಂತ. ಅಷ್ಟು ಮೆಟ್ಟಿಲು ಇಳಿಲಿಕ್ಕೆ ನನ್ನ ಕಾಲು ಕೇಳುದಿಲ್ಲ. ಇದೂ ಮೀನೇ ಅಲ್ವಾ? ಅಲ್ಲಿಯ ದೇವರಿಗೆ ನಮ್ಮ ಮನೆಯ ದಾರಿ ಗೊತ್ತಿಲ್ಲ ಅಂತ ಉಂಟಾ?”

ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತೆ. ಅತ್ತೆ ಅಕ್ಕಿ ಹಾಕಿದ್ದರಿಂದ ನೀರು ಕೆಟ್ಟಿತು. ನೀರು ಕೆಟ್ಟದ್ದರಿಂದ ನಾನು ತೊಳೆದೆ. ತೊಳೆದು ತೊಳೆದು ನನ್ನ ಕೈ ಇನ್ನಷ್ಟು ತುರಿಸಿತು. ಕೈ ತುರಿಸಿದ್ದರಿಂದ ಅತ್ತೆ ಮತ್ತಷ್ಟು ಅಕ್ಕಿ ಹಾಕಿದರು. ಸೊಸೆಗಾಗಿ ಅತ್ತೆಯೂ ಮೀನಿಗಾಗಿ ಸೊಸೆಯೂ ಇಷ್ಟು ಕಷ್ಟಪಟ್ಟು ಮೀನನ್ನು ಮುಗಿಸುವ ಹಂತಕ್ಕೆ ತಂದಿದ್ದೆವು. ನನಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಅಳುವೂ ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಅಡುಗೆಯನ್ನು ಒಮ್ಮೆಯೂ ಬಾಯಿ ಬಿಟ್ಟು ಹೊಗಳದ ಹೆಂಗಸು, ನನ್ನ ಬೆರಳ ಸಂದಿಗಾಗಿ ದಿನಾ ದೇವರನ್ನು ಕರೆಯುತ್ತಿದ್ದಳು.

ಅಕ್ಕಿಯಿಂದಲೇ ನೀರು ಕೆಡುವುದೆಂದು ಮೆಲ್ಲಗೆ ಹೇಳಿದೆ. ಅತ್ತೆ ನಂಬಲಿಲ್ಲ. “ಹೊಳೆಯಲ್ಲಿ ಸೇರುಗಟ್ಟಲೆ ಹಾಕ್ತಾರೆ, ಅಲ್ಲಿ ಕೆಡುದಿಲ್ಲ” ಎಂದರು. ಹೊಳೆ ಹರಿಯುತ್ತದೆ, ನಮ್ಮ ಪೆಟ್ಟಿಗೆ ಹರಿಯುವುದಿಲ್ಲವಲ್ಲ ಎಂದೆ. ಅದಕ್ಕವರು ಉತ್ತರ ಹುಡುಕುತ್ತಿರುವಾಗಲೇ ಕೆಂಪಣ್ಣ ತಾನೇ ಉತ್ತರ ಕೊಟ್ಟ. ಮರುದಿನ ಬೆಳಗ್ಗೆ ನೋಡಿದರೆ ಅವನು ಹೊಟ್ಟೆ ಉಬ್ಬಿ, ಮಗ್ಗುಲಾಗಿ, ಎಣ್ಣೆ ಮೇಲಿನ ಪೂರಿಯ ಹಾಗೆ ತೇಲುತ್ತಿದ್ದ. ಕಿವಿರು ಮಾತ್ರ ಆಡುತ್ತಿತ್ತು.

ಅತ್ತೆಯ ಮುಖ ಬಿಳಿಚಿತು. ನನಗದು ಗೋಲ್ಡ್‌ಫಿಷ್. ಅವರಿಗದು ಅಷ್ಟು ದಿನ ಅಕ್ಕಿ ಹಾಕಿ ಕೈ ಮುಗಿದ ದೇವರ ಮೀನು. ದೇವರ ಮೀನನ್ನು ಕೊಂದ ಪಾಪ ಯಾವ ಹೊಳೆಯಲ್ಲಿ ಮುಳುಗಿದರೂ ಹೋಗುವುದಿಲ್ಲವೆಂದು ಕೇಳಿ ಬೆಳೆದವರು ಅವರು. ಗಾಜಿನ ಮೇಲೆ ಕೈಯಿಟ್ಟು, “ಇದು ಸರಿ ಆಗುವ ತನಕ ನಾನು ಮೀನು ಮುಟ್ಟುದಿಲ್ಲ” ಎಂದುಬಿಟ್ಟರು.

ನೀವು ನಮ್ಮ ಅತ್ತೆಯನ್ನು ನೋಡಿಲ್ಲ, ಹಾಗಾಗಿ ಈ ಮಾತಿನ ತೂಕ ನಿಮಗೆ ಗೊತ್ತಾಗಲಿಕ್ಕಿಲ್ಲ. ಮೀನಿನ ಗಾಡಿಯ ಹಾರ್ನು ಎರಡು ತಿರುವು ಆಚೆ ಕೇಳಿದರೆ ಮಂಡಿ ನೋವು ಮರೆತು ಗೇಟಿಗೆ ಬರುವವರು. ಬಂಗುಡೆಯ ಕಣ್ಣು ನೋಡಿಯೇ ಅದು ನಿನ್ನೆಯದೋ ಇವತ್ತಿನದೋ ಎಂದು ತೀರ್ಪು ಕೊಡುವವರು. ಅಂಥವರು ಅವತ್ತಿನಿಂದ ಹಾರ್ನು ಕೇಳಿದರೆ ಒಳಗೆ ಹೋಗಿ ಕುಳಿತುಕೊಳ್ಳತೊಡಗಿದರು. ಮನೆಯವರ ಮುಖ ಇನ್ನೂ ಸಣ್ಣಗಾಯಿತು. ಅಮ್ಮ ತಿನ್ನದೆ ತಾನು ಹೇಗೆ ತಿನ್ನುವುದು?

“ಜಯಾ, ಹೇಗಾದ್ರು ಮಾಡಿ ಅದನ್ನು ಎಬ್ಬಿಸು ಮಾರಾಯ್ತಿ” ಎಂದು ನನ್ನ ಹಿಂದೆಯೇ ಸುತ್ತಿದರು.

ನನಗೋ ಮೈಯೆಲ್ಲ ಕಣ್ಣು, ಮೈಯೆಲ್ಲ ಕೈ. ಮೀನು ಮಾರಿದ ಅಂಗಡಿಗೆ ಫೋನು ಮಾಡಿದೆ. ಎರಡು ಮೂರು ದಿನ ಏನೂ ಹಾಕಬೇಡಿ, ಆಮೇಲೆ ಬಟಾಣಿ ಬೇಯಿಸಿ ಸಿಪ್ಪೆ ತೆಗೆದು ಕೊಡಿ ಎಂದರು. ನೀರಿಗೆ ನಮ್ಮ ಅಮ್ಮನ ಬಾವಿಯ ಕ್ರಮ ಹಿಡಿದೆ. ಹಿಂದಿನ ದಿನವೇ ತುಂಬಿಸಿಟ್ಟ ಕೊಡದ ನೀರು, ಹಳತರೊಂದಿಗೆ ಸ್ವಲ್ಪ ಸ್ವಲ್ಪ. ಪೈಪು ಬಾಯಿಗಿಟ್ಟು ಕಲ್ಲಿನ ಸಂದಿಯ ಅಕ್ಕಿಯನ್ನು ಒಂದೊಂದೇ ಅಗುಳಾಗಿ ಎಳೆದು ತೆಗೆದೆ. ಈ ಸಲ ಗ್ಲೌಸು ಹಾಕಿಸಿದ್ದು ಅತ್ತೆಯೇ. ಬಕೆಟಿನಲ್ಲಿ ಉಬ್ಬಿದ ಅಕ್ಕಿ ಕಂಡದ್ದೇ ಅವರು ಅದನ್ನು ಬಸಳೆ ಬುಡಕ್ಕೆ ಹೊಯ್ದು ಬಂದರು.

ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಮನಸ್ಸೆಲ್ಲ ಟ್ಯಾಂಕಿನಲ್ಲೇ. ಬಿಡುವಿನಲ್ಲಿ ಮನೆಗೆ ಫೋನು. “ಹೇಗುಂಟು ಅತ್ತೆ?” “ಮಲಗಿದ ಹಾಗೆಯೇ ಉಂಟು.” ಮಧ್ಯಾಹ್ನ ಮತ್ತೆ. “ಬಾಲ ಸ್ವಲ್ಪ ಆಡಿಸ್ತದೆ.” ಆ ಬಾಲದ ಸುದ್ದಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಯಾರ ಬಾಲವೆಂದು ತಿಳಿಯದೆ ಹೆಡ್ಮಾಸ್ಟರು ಕೂಡ ತಲೆಯಾಡಿಸಿದರು.

ಬಟಾಣಿಯ ದಿನ ಮೂವರೂ ಟ್ಯಾಂಕಿನ ಸುತ್ತ ನಿಂತೆವು. ಬೇಯಿಸಿದ್ದು ನಾನು, ಸಿಪ್ಪೆ ಸುಲಿದದ್ದು ಮನೆಯವರು, ಮೆತ್ತಗೆ ಚೂರು ಮಾಡಿದ್ದು ಅತ್ತೆ. ಒಂದು ಚೂರು ಕೆಂಪಣ್ಣನ ಮೂಗಿನ ಮುಂದೆಯೇ ಹಾದು ತಳಕ್ಕೆ ಹೋಯಿತು. ಇನ್ನೊಂದು ಹಾಕಿದೆವು. ಅವನ ಬಾಯಿ ತೆರೆಯಿತು, ಮುಚ್ಚಿತು, ಚೂರು ಕಾಣೆಯಾಯಿತು. ಮನೆಯವರು ನನ್ನ ರಟ್ಟೆಯನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಬೆರಳಿನ ಗುರುತು ಬಿದ್ದಿತ್ತು. ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದವಳಿಗೆ ಟ್ಯಾಂಕಿನ ಬಳಿಯಿಂದ ಅತ್ತೆಯ ಕರೆ ಕೇಳಿ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿದೆ. ಕೆಂಪಣ್ಣ ನೆಟ್ಟಗೆ ನಿಂತು, ಮೊದಲಿನ ಪಂಚಾಯತಿ ಗಾಂಭೀರ್ಯದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದ. ನನಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ, ನೊರೆ ಬಾಯಲ್ಲೇ. ಅತ್ತೆ ಬೈಯಲಿಲ್ಲ.

ಅಕ್ಕಿ ನಿಂತಿತು, ನೀರು ತಿಳಿಯಾಯಿತು, ಟ್ಯಾಂಕು ತೊಳೆಯುವುದು ಮೊದಲಿನ ಭಾನುವಾರಕ್ಕೆ ಬಂತು. ಸ್ವಲ್ಪ ದಿನದಲ್ಲಿ ನನ್ನ ಕೈಯೂ ಒಣಗಿತು. ಅತ್ತೆ ಬೆಳಕಿಗೆ ತಿರುಗಿಸಿ ನೋಡಿ, “ಕಂಡಿಯಾ, ಹರಕೆ ಸಂದಿತು” ಎಂದರು. ಅದು ಹರಕೆಯಿಂದಲ್ಲ, ಹರಕೆ ನಿಂತದ್ದರಿಂದ ಎಂದು ಹೇಳಲು ವಿಜ್ಞಾನದ ಟೀಚರು ಬಾಯಿ ತೆರೆದಳು. ಸೊಸೆ ಅದನ್ನು ಮುಚ್ಚಿದಳು.

“ಇನ್ನು ಒಂದು ಸೇರು ಅಕ್ಕಿ ಒಪ್ಪಿಸ್ಲಿಕ್ಕೆ ಉಂಟು” ಎಂದರು ಅತ್ತೆ. ನಾನು ಟ್ಯಾಂಕಿಗೆ ಅಡ್ಡ ನಿಂತೆ. ಅವರೇ ನಕ್ಕರು. “ಹೆದರಬೇಡ, ಇದಕ್ಕಲ್ಲ. ಹೊಳೆಯದ್ದಕ್ಕೆ.”

ಶನಿವಾರ ಜೀಪಿನಲ್ಲಿ ಹೋದೆವು. ಅತ್ತೆ ಮೆಟ್ಟಿಲಿನ ಮೇಲೇ ಕುಳಿತರು. ಅಕ್ಕಿಯ ಚೀಲ ಹಿಡಿದು ನಾನು ಕೆಳಗಿಳಿದೆ. “ನಿನ್ನ ಕೈಯಿಂದಲೇ ಹಾಕು” ಎಂದು ಮೇಲಿನಿಂದ ಕೂಗಿದರು. ಒಂದು ಮುಷ್ಟಿ ಬೀಳುವುದರೊಳಗೆ ನೀರೆಲ್ಲ ಕಪ್ಪಗಾಗಿ, ಮೊಣಕೈಯುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಂದು ನನ್ನ ಸೀರೆಗೆಲ್ಲ ನೀರು ಹಾರಿಸಿದವು. ತೋಡಿನಲ್ಲಿ ಬೈರಾಸು ಎತ್ತುತ್ತಿದ್ದ ಹುಡುಗಿ ಎಲ್ಲಿಂದಲೋ ಬಂದು ನನ್ನೊಳಗೆ ನಿಂತಳು. ಬೊಗಸೆ ಬೊಗಸೆ ಹಾಕಿದೆ. ತಿರುಗಿ ನೋಡಿದರೆ ಅತ್ತೆ ಮೇಲೆ ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ದೇವಸ್ಥಾನಕ್ಕೆ ಹೋದ ದಿನ ಮೀನು ತಿನ್ನುವ ಹಾಗಿಲ್ಲ. ಮರುದಿನ ಮನೆಯವರು ಬೆಳಗ್ಗೆಯೇ ಗಾಡಿ ಕಾದು ನಿಂತು ಬಂಗುಡೆ ತಂದರು. ನಾನು ಮಸಾಲೆ ಕಡೆದು, ಸಾರು ಕುದಿಸಿ, ತಟ್ಟೆಯಿಡುವಾಗ ಫಕ್ಕನೆ ನೆನಪಾಗಿ ಬೈರಾಸು ತರಲು ಹೊರಟೆ. ತರಬೇಕಾಗಿರಲಿಲ್ಲ. ಟ್ಯಾಂಕಿನ ಮೇಲೆ ಕೆಂಪು ಅಂಚಿನ ಬೈರಾಸು ಆಗಲೇ ಇತ್ತು. ನಾನು ಹೊದಿಸುವ ಹಾಗೆ ಒಂದು ಕಡೆಗಲ್ಲ, ನಾಲ್ಕೂ ಕಡೆಗೆ, ಒಂದು ಮೂಲೆ ನೀರಿಗೂ ಮುಟ್ಟುವ ಹಾಗೆ.

ಅತ್ತೆ ಅದಕ್ಕೆ ಬೆನ್ನು ಹಾಕಿ ಕುಳಿತಿದ್ದರು. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಸೊರ್ ಎಂಬ ಸದ್ದಿಲ್ಲ. ಆಮೇಲೆ ನನ್ನ ಕಡೆ ಬಗ್ಗಿ, ತಟ್ಟೆ ಮುಂದೆ ತಳ್ಳಿ, ಪಿಸುಮಾತಿನಲ್ಲಿ ಹೇಳಿದರು:

“ಇನ್ನೊಂದು ತುಂಡು ಹಾಕು. ಸೌಟಿನ ಶಬ್ದ ಮಾಡಬೇಡ, ಅದಕ್ಕೆ ಕೇಳ್ತದೆ.”